ಹದಿನಾಲ್ಕನೇ ನಂಬರಿನ ಮಗು

ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ತೊಟ್ಟಿಲು ಖಾಲಿಯಾಗಿತ್ತು. ಹೊರಗೆ, ಮೂರನೇ ಮಹಡಿಯ ಮೆಟ್ಟಿಲ ಬಳಿ, ಎದುರುಮನೆಯ ಅಜ್ಜಿ ನನ್ನ ಮೂರು ತಿಂಗಳ ಮಗುವನ್ನು ಎತ್ತಿಕೊಂಡು ನಿಂತಿದ್ದರು. ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ, ತಾಯಿಗೂ ಮಗುವಿಗೂ ಒಂದೇ ನಂಬರಿನ ಚೀಟಿ ಕಟ್ಟುತ್ತ, ನರ್ಸಾಗಿದ್ದವರು. ಈಗ ಹೆತ್ತ ಮಗನ ಗುರುತೂ ಹತ್ತದಷ್ಟು ಮರೆವು.

"ಕೊಡಿ ಅಜ್ಜಿ, ಅದು ನನ್ನ ಮಗು."

"ಎಲ್ಲರೂ ಹಾಗೇ ಅಂತಾರೆ. ಚೀಟಿ ಎಲ್ಲಿ?"

ನಾನು ಒಂದು ಹೆಜ್ಜೆ ಮುಂದಿಟ್ಟರೆ ಅವರು ಹಿಂದಿಟ್ಟರು. ಹಿಮ್ಮಡಿ ಮೆಟ್ಟಿಲ ಅಂಚಿಗೆ ಬಂತು.

"ಅಮ್ಮಾ, ಅಲ್ಲೇ ನಿಲ್ಲು," ಎಂದಳು ಹಿಂದಿನಿಂದ ನನ್ನ ಹದಿನೈದರ ಮಗಳು. ಓದು ಬಿಟ್ಟು ದಿನಾ ಸಂಜೆ ಅಜ್ಜಿಯ ಜೊತೆ ಗೊಂಬೆಗಳಿಗೆ ನಂಬರು ಚೀಟಿ ಕಟ್ಟಿ ಆಸ್ಪತ್ರೆ ಆಟ ಆಡುತ್ತಾಳೆಂದು, ಇನ್ನು ಆ ಮನೆಗೆ ಕಾಲಿಡಬೇಡ ಎಂದು ನಿನ್ನೆಯಷ್ಟೇ ಬೈದಿದ್ದೆ.

ಅವಳು ಆಟದ ಎರಡು ಚೀಟಿಗಳ ಮೇಲೆ ಹದಿನಾಲ್ಕು ಎಂದು ಬರೆದು, ಒಂದನ್ನು ದಾರದಿಂದ ನನ್ನ ಮಣಿಕಟ್ಟಿಗೆ ಕಟ್ಟಿದಳು. ಇನ್ನೊಂದನ್ನು ಹಿಡಿದು ಮೆಲ್ಲಗೆ ಅಜ್ಜಿಯ ಬಳಿ ಹೋದಳು.

"ಸಿಸ್ಟರ್, ಮಗು ಚೀಟಿ ಬಿದ್ದೋಗಿತ್ತು. ಕಾಲಿಗೆ ಕಟ್ಲಾ?"

"ನಿಂಗೆ ಜವಾಬ್ದಾರಿ ಅನ್ನೋದೇ ಇಲ್ಲ. ಕಟ್ಟು."

ಮಗಳು ಮಗುವಿನ ಕಾಲಿಗೆ ಚೀಟಿ ಕಟ್ಟಿ, ಅಜ್ಜಿ ಹಿಂದಕ್ಕೆ ಬೀಳದಂತೆ ಅವರ ಬೆನ್ನಿಗೆ ಕೈ ಅಡ್ಡ ಹಿಡಿದಳು.

"ಬಾಮ್ಮ, ಕೈ ತೋರ್ಸು," ಎಂದು ಅಜ್ಜಿ ನನ್ನನ್ನು ಕರೆದರು. ಎರಡೂ ಚೀಟಿಗಳನ್ನು ಎರಡೆರಡು ಸಲ ಓದಿದರು. ಆಮೇಲೆ ಮಗುವನ್ನು ನನ್ನ ತೋಳಿನಲ್ಲಿಟ್ಟರು.

"ಕತ್ತಿನ ಕೆಳಗೆ ಕೈ ಕೊಡು." ಹಾಗೇ ಮಗಳ ಬರಿ ಮಣಿಕಟ್ಟನ್ನು ನೋಡಿದರು. "ಇವಳಿಗೆ ಚೀಟಿನೇ ಇಲ್ವಲ್ಲ. ಇವಳು ಯಾರ ಕಡೆಯವಳು?"

ಮಗಳು ನನ್ನ ಮುಖ ನೋಡಿದಳು.

"ನಿಮ್ಮ ಕಡೆಯವಳೇ ಸಿಸ್ಟರ್," ಎಂದೆ. "ದಿನಾ ಸಂಜೆ ಡ್ಯೂಟಿಗೆ ಬರ್ತಾಳೆ."