ಮೂವತ್ತೆಂಟು ಬಟ್ಟೆ, ಒಂದು ಕೆಂಪು ಚುಕ್ಕಿ

ಹೂಂ ಅನ್ನುವುದಾದರೆ ಹೇಳುತ್ತೇನೆ. ಏಳು ಸಮುದ್ರದಾಚೆ ಏನಲ್ಲ, ಬಸ್ಸು ತಿರುಗುವ ಮೂಲೆಯಲ್ಲೇ ಒಂದು ಗಾಜಿನ ಅರಮನೆ ಇತ್ತು. ಅದರೊಳಗೆ ಒಬ್ಬ ರಾಕ್ಷಸನಿದ್ದ, ಕುತ್ತಿಗೆಗೆ ಟೈ ಕಟ್ಟಿಕೊಂಡಿದ್ದ. ಅಜ್ಜಿಯ ಕಥೆಗಳಲ್ಲಿ ರಾಕ್ಷಸನ ಜೀವ ಗಿಳಿಯ ಕೊರಳಲ್ಲಿರುತ್ತಿತ್ತು. ಇವನ ಜೀವ ಅಂಗಿಯ ಗುಂಡಿಗಿಂತ ಚಿಕ್ಕದಾದ ಒಂದು ಕಾಗದದ ಚೂರಿನಲ್ಲಿತ್ತು. ಅವನ ಮೇಲೆ ಯುದ್ಧಕ್ಕೆ ಹೋದವಳು ನನ್ನ ಚಿಕ್ಕಮ್ಮ.

ಚಿಕ್ಕಮ್ಮನ ಕೆಲಸ ಬಟ್ಟೆಯ ಕಲೆ ತೆಗೆಯುವುದು. ಶಾಯಿ, ತುಕ್ಕು, ಎಣ್ಣೆ, ರಕ್ತ, ಯಾವುದನ್ನೇ ತಂದುಕೊಡಿ, ಮೂಸಿ ನೋಡಿಯೇ ಎಷ್ಟು ದಿನದ್ದು ಅಂತ ಹೇಳುತ್ತಾಳೆ. ಆದರೆ ಅಕ್ಷರ ಮಾತ್ರ ಅವಳ ತಲೆಗೆ ಹತ್ತಲಿಲ್ಲ. ಅಂಕಿ ಗೊತ್ತು, ಸಹಿಯೊಂದು ಬರುತ್ತದೆ, ಅಷ್ಟೇ. ಅದಕ್ಕೇ ಬಟ್ಟೆ ಬಂದ ಕೂಡಲೇ ನಂಬರಿನ ಚೀಟಿ ಪಿನ್ನು ಮಾಡಿ, ಫೋನನ್ನು ಬಾಯಿಯ ಹತ್ತಿರ ಹಿಡಿದು ಹೇಳಿಟ್ಟುಕೊಳ್ಳುತ್ತಾಳೆ: "ಹದಿನೇಳು. ಬೂದು ಕೋಟು. ಬಲಗೈ ತೋಳಿಗೆ ಶಾಯಿ. ತಂದವರು ಹಲ್ಲಿನ ಡಾಕ್ಟರು. ಕೋಟು ಅವರ ಭಾವಮೈದುನಂದು, ಅವನಿಗೆ ಗೊತ್ತಾಗಬಾರದಂತೆ." ಯಾವ ಬಟ್ಟೆ ಯಾರದು ಅನ್ನುವುದು ಇಡೀ ಅಂಗಡಿಯಲ್ಲಿ ಆ ಫೋನಿಗೆ ಮಾತ್ರ ಗೊತ್ತು.

ಆ ಫೋನು ಕೊಂಡ ಹನ್ನೊಂದನೇ ತಿಂಗಳಲ್ಲಿ, ಹೇಳದೆ ಕೇಳದೆ ಕಣ್ಣು ಮುಚ್ಚಿತು. ಗುಂಡಿ ಒತ್ತಿದರೂ ಇಲ್ಲ, ಚಾರ್ಜಿಗಿಟ್ಟರೂ ಇಲ್ಲ. ಗೂಟಗಳಲ್ಲಿ ಮೂವತ್ತೆಂಟು ಬಟ್ಟೆ ಯಾರದೆಂದು ಗೊತ್ತಿಲ್ಲದೆ ನೇತಾಡುತ್ತಿದ್ದವು. ಮರುದಿನವೇ ಒಂದು ಕಪ್ಪು ಕೋಟಿಗೆ ಇಬ್ಬರು ಬಂದು ನಿಂತರು. ಇಬ್ಬರದೂ ಒಂದೇ ಹಾಡು: "ನಂದೇ ಅದು!"

ಚಿಕ್ಕಮ್ಮ ಅಡ್ಡ ನಿಂತಳು. "ನನ್ನ ಅಂಗಡಿಯಿಂದ ಒಬ್ಬರ ಬಟ್ಟೆ ಇನ್ನೊಬ್ಬರ ಮೈಮೇಲೆ ಹೋದ ದಿನ ಬಾಗಿಲು ಹಾಕಿಬಿಡ್ತೀನಿ. ಫೋನು ಬಾಯಿ ಬಿಡಲಿ. ಒಂದೊಂದನ್ನೂ ಅವರವರ ಕೈಗೇ ಕೊಡ್ತೀನಿ. ಮಾತು ಕೊಟ್ಟಿದೀನಿ, ಹೋಗಿ."

ವಾರಂಟಿ ಇನ್ನೂ ಒಂದು ತಿಂಗಳಿತ್ತು. ಚಿಕ್ಕಮ್ಮ, ನಾನು ಇಬ್ಬರೂ ಆ ಗಾಜಿನ ಅರಮನೆಗೆ, ಅಂದರೆ ಕಂಪನಿಯ ಸರ್ವೀಸ್ ಸೆಂಟರಿಗೆ ಹೋದೆವು. ಫಾರಂ ತುಂಬಿದವಳು ನಾನು. 'ಉದ್ಯೋಗ' ಅನ್ನುವ ಕಡೆ, ಸೀಲಿಂಗಿನ ದೀಪಗಳನ್ನು ಲೆಕ್ಕ ಹಾಕುತ್ತಾ, 'ಲಾಂಡ್ರಿ' ಅಂತ ಬರೆದುಬಿಟ್ಟೆ. ಚಿಕ್ಕಮ್ಮ ಕೆಲಸ ಮಾಡುವುದು ಪುಡಿ ಮತ್ತು ಸ್ಪಿರಿಟ್ಟಿನಲ್ಲಿ. ಅವಳ ಮೇಜಿನ ಹತ್ತಿರ ಒಂದು ಲೋಟ ನೀರಿಟ್ಟರೂ ಬೈಯುತ್ತಾಳೆ. ಆದರೆ ನನಗೆ ಉದ್ದಕ್ಕೆ ಬರೆಯಲು ಸೋಮಾರಿತನ.

ಟೈಯವ ಫಾರಂ ಓದಿ, ಪಕ್ಕದ ಬಟ್ಟಲಿನ ಒದ್ದೆ ಸ್ಪಂಜಿಗೆ ಬೆರಳು ಅದ್ದಿ, ರಸೀದಿ ಪುಸ್ತಕದ ಹಾಳೆ ಎತ್ತಿ ಹರಿದುಕೊಟ್ಟ. ಫೋನಿನ ಹಿಂದಿನ ಮುಚ್ಚಳ ಬಿಚ್ಚಿ ನೋಡಿದ. "ನಾಲ್ಕು ದಿನ ಬಿಟ್ಟು ಬನ್ನಿ."

ನಾಲ್ಕು ದಿನ ಬಿಟ್ಟು ಹೋದರೆ ಮುಖ ಎತ್ತಲೇ ಇಲ್ಲ. "ನೀರು ಹೋಗಿದೆ ಮೇಡಂ. ವಾರಂಟಿ ಬರಲ್ಲ. ಬೋರ್ಡು ಬದಲಾಯಿಸ್ಬೇಕು, ಹೊಸ ಫೋನಿನಷ್ಟೇ ಖರ್ಚು. ಒಳಗಿರೋದೆಲ್ಲ ಹೋಗುತ್ತೆ."

"ಒಳಗಿರೋದು ಹೋಗುತ್ತೆ ಅಂದ್ರೆ?"

"ಅಂದ್ರೆ ಹೋಗುತ್ತೆ. ನೋಡಿ, ಬ್ಯಾಟರಿ ಪಕ್ಕದ ಈ ಕಾಗದದ ಚುಕ್ಕಿ. ಬಿಳಿ ಇರ್ಬೇಕು, ನೀರು ತಾಗಿದ್ರೆ ಕೆಂಪಾಗುತ್ತೆ. ನಿಮ್ಮದು ಲಾಂಡ್ರಿ ತಾನೆ? ಮೀನುಗಾರ ನಂಗೆ ನೀರೇ ಗೊತ್ತಿಲ್ಲ ಅಂದಂಗಾಯ್ತು."

ಸಾಲಿನಲ್ಲಿ ಕೂತಿದ್ದ ಒಂದಿಬ್ಬರು ನಕ್ಕರು. ನನ್ನ ಕಿವಿ ಬಿಸಿಯಾಯಿತು. ಚಿಕ್ಕಮ್ಮ ಮಾತ್ರ ಚೀಲದಿಂದ ಭೂತಗನ್ನಡಿ ತೆಗೆದು, ಆ ಚುಕ್ಕಿಯನ್ನು ಗಿರಾಕಿಯ ಕಾಲರು ನೋಡುವ ಹಾಗೆ ನಿಧಾನವಾಗಿ ನೋಡಿದಳು.

"ತಮ್ಮಾ, ಒಳಗೆ ನೀರು ಸೇರಿದ್ರೆ ಇದು ಪೂರ್ತಿ ಕೆಂಪಾಗ್ಬೇಕಿತ್ತು, ಅಂಚು ಹಬ್ಬಿರ್ಬೇಕಿತ್ತು. ಇದು ಅರ್ಧ ಕೆಂಪು, ಅರ್ಧ ಬಿಳಿ. ಮಧ್ಯದಲ್ಲಿ ಬಿಲ್ಲಿನ ಹಾಗೆ ಗೆರೆ. ಇದು ನೆನೆದ ಕಲೆ ಅಲ್ಲ, ಒತ್ತಿದ ಕಲೆ. ಯಾರೋ ಹೆಬ್ಬೆರಳಿಟ್ಟಿದ್ದಾರೆ."

"ನಮಗೇ ಪಾಠ ಹೇಳ್ತೀರಾ ಅಮ್ಮಾ?"

"ಫೋನಿನ ಪಾಠ ಅಲ್ಲಪ್ಪ, ಕಲೆಯ ಪಾಠ. ಇಪ್ಪತ್ತೆರಡು ವರ್ಷದಿಂದ ಅದೇ ನನಗೆ ಅನ್ನ ಹಾಕಿರೋದು. ಸರಿ, ವಾರಂಟಿ ಕೊಡಲ್ಲ ಅಂತೀಯಲ್ಲ, ಯಾಕೆ ಕೊಡಲ್ಲ ಅಂತ ಬರೆದು ಸಹಿ ಹಾಕಿ ಕೊಡು."

"ಹಂಗೆಲ್ಲ ಬರೆದುಕೊಡಲ್ಲ."

"ತಗೊಳ್ಳೋವಾಗ ಎರಡು ಹಾಳೆಗೆ ನನ್ನ ಸಹಿ ತಗೊಂಡ್ರಿ. ಕೊಡಲ್ಲ ಅನ್ನೋಕೆ ಅರ್ಧ ಹಾಳೆ ಇಲ್ವಾ ಈ ಮನೇಲಿ?"

ಅವನು ಮುಂದಿನ ಟೋಕನ್ ಕೂಗಿದ. ಚಿಕ್ಕಮ್ಮ ಕೌಂಟರಿನ ಕಿಟಕಿಯಿಂದ ಒಂದಿಂಚೂ ಸರಿಯಲಿಲ್ಲ. ಒಬ್ಬರು ಮೇಷ್ಟ್ರು ಅವಳ ಪಕ್ಕದಿಂದಲೇ ಕೈ ತೂರಿಸಿ ತಮ್ಮ ಫೋನು ಕೊಟ್ಟರು. ಟೈಯವ ಸ್ಪಂಜಿಗೆ ಬೆರಳು ಅದ್ದಿದ, ರಸೀದಿ ಹರಿದ, ಅದೇ ಕೈಯಲ್ಲಿ ಮುಚ್ಚಳ ಬಿಚ್ಚಿದ. ಚಿಕ್ಕಮ್ಮನ ಕಣ್ಣು ಆ ಬಟ್ಟಲಿಂದ ಆ ಬೆರಳಿಗೆ, ಬೆರಳಿಂದ ಫೋನಿಗೆ ಹೋಯಿತು.

"ಏಯ್, ತಡಿ! ಆ ಒದ್ದೆ ಕೈ ಅಲ್ಲಿಡಬೇಡ. ಮೇಷ್ಟ್ರೇ, ನಿಮ್ಮ ಚುಕ್ಕಿ ಈಗ ಯಾವ ಬಣ್ಣ?"

ಮೇಷ್ಟ್ರು ಕನ್ನಡಕ ಏರಿಸಿ ಬಗ್ಗಿದರು. "ಬಿಳಿ."

"ಎಲ್ಲರೂ ಕೇಳಿಸಿಕೊಂಡ್ರಲ್ಲ?"

ಟೈಯವನಿಗೆ ರೇಗಿತು. "ಇಷ್ಟು ಒದ್ದೆಗೆಲ್ಲ ಏನೂ ಆಗಲ್ಲ ರೀ! ನೋಡಿ, ಇಟ್ಟೆ. ಏನಾಯ್ತು?" ಅಂತ ಹೆಬ್ಬೆರಳನ್ನು ಚುಕ್ಕಿಯ ಮೇಲೆ ಒತ್ತಿಯೇ ಬಿಟ್ಟ.

ಬೆರಳು ತೆಗೆದ ಮೇಲೆ ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಆ ಬಿಳಿ ಚೂರು, ಮದುವೆ ಮಾತೆತ್ತಿದ ಹುಡುಗಿಯ ಕೆನ್ನೆಯ ಹಾಗೆ, ಒಂದು ಕಡೆಯಿಂದ ಮೆಲ್ಲಗೆ ಕೆಂಪಾಯಿತು.

"ಅಯ್ಯೋ ಮಹಾರಾಯ! ನಾನು ಸ್ಪೀಕರ್ ಸರಿಮಾಡಿಸೋಕೆ ಬಂದದ್ದು ಕಣೋ!" ಮೇಷ್ಟ್ರ ಧ್ವನಿ ಹಿಂದಿನ ಬೆಂಚಿನವರೆಗೂ ಮುಟ್ಟಿತು. ಸಾಲಿನಲ್ಲಿದ್ದವರೆಲ್ಲ ತಮ್ಮ ತಮ್ಮ ಫೋನಿನ ಬೆನ್ನು ಬಿಚ್ಚತೊಡಗಿದರು.

ಗಲಾಟೆಗೆ ಮ್ಯಾನೇಜರು ಹೊರಬಂದರು. ಬಾಯಿ ತುಂಬ ನಗು. "ಅಮ್ಮಾ, ಯಾಕೆ ಕೋಪ? ನಿಮ್ಮದನ್ನು ಪುಕ್ಕಟೆಯಾಗಿ ಮಾಡಿಕೊಡ್ತೀವಿ. ಇಲ್ಲೊಂದು ಸಹಿ ಹಾಕಿ ಸಾಕು."

ಚಿಕ್ಕಮ್ಮ ಕಾಗದವನ್ನು ನನ್ನ ಕೈಗಿಟ್ಟಳು. "ಓದೇ, ಕನಸುಗಣ್ಣಿ. ಈ ಸಲ ದೀಪ ನೋಡಬೇಡ."

ಗಟ್ಟಿಯಾಗಿ ಓದಿದೆ. 'ಗ್ರಾಹಕರ ಅಜಾಗರೂಕತೆಯಿಂದ ನೀರು ಸೇರಿದ್ದರೂ, ಕಂಪನಿಯು ಸೌಜನ್ಯದಿಂದ...'

"ಅಲ್ಲಿಗೇ ನಿಲ್ಸು. ಸಾರ್, ಸೌಜನ್ಯ ನಿಮ್ಮ ಮನೇಲಿರಲಿ, ಯಾರಾದ್ರೂ ನೆಂಟರು ಬಂದಾಗ ಬೇಕಾಗುತ್ತೆ. ನಾನು ಕೇಳ್ತಿರೋದು ವಾರಂಟಿ. ದುಡ್ಡು ಕೊಡೋವಾಗ ನನ್ನ ಮೇಲೆ ದಯೆ ತೋರ್ಸಿ ತಗೊಂಡ್ರಾ?"

"ಕೆಲಸ ಆದ್ರೆ ಸಾಕಲ್ಲಮ್ಮ, ಕಾಗದದಲ್ಲಿ ಏನಿದ್ರೇನು?"

"ನೀರು ಹಾಕ್ದೋಳು ನಾನು ಅಂತ ನಾನೇ ಸಹಿ ಹಾಕ್ಬೇಕಾ? ಅದು ಯಾವ ಸ್ಪಿರಿಟ್ಟಿಗೂ ಹೋಗದ ಕಲೆ."

"ಹಾಗಾದ್ರೆ ಗ್ರಾಹಕರ ಆಯೋಗಕ್ಕೆ ಹೋಗ್ತೀರಾ? ವರ್ಷಗಟ್ಟಲೆ ಅಲೀಬೇಕು," ಅಂದರು. ನಗು ಈಗ ತುಟಿಯ ಒಂದೇ ಬದಿಯಲ್ಲಿತ್ತು.

"ಹೋಗ್ತೀನಿ. ಅದಕ್ಕೇ ಬರೆದುಕೊಡಿ ಅಂದದ್ದು. ಒಂದು ತುಕ್ಕಿನ ಕಲೆಗೆ ಒಂಬತ್ತು ದಿನ ಕೂತವಳು ನಾನು. ಅಲೆಯೋದಕ್ಕೆ ಹೆದರ್ತೀನಾ?"

"ಸಾಕ್ಷಿಗೆ ನಾನು ಬರ್ತೀನಿ," ಅಂದರು ಮೇಷ್ಟ್ರು. "ನನ್ನ ಫೋನೂ ಬರುತ್ತೆ."

ಆಗ ನನಗೂ ಎಲ್ಲಿಂದಲೋ ಧೈರ್ಯ ಬಂತು. ನಮ್ಮ ಫಾರಂ ಕೇಳಿ ಇಸಿದುಕೊಂಡು, 'ಲಾಂಡ್ರಿ' ಅನ್ನುವುದನ್ನು ಹೊಡೆದುಹಾಕಿ, 'ಪುಡಿ, ಸ್ಪಿರಿಟ್ಟಿನಿಂದ ಕಲೆ ತೆಗೆಯುವವರು. ನೀರು ಬಳಸುವುದಿಲ್ಲ' ಅಂತ ಬರೆದೆ. ಪಕ್ಕದಲ್ಲಿ ಚಿಕ್ಕಮ್ಮ ಸಹಿ ಹಾಕಿದಳು. ಮ್ಯಾನೇಜರು ಸಾಲಿನ ಕಡೆ ನೋಡಿದರು. ಅಲ್ಲಿ ಒಬ್ಬರೂ ಮನೆಗೆ ಹೊರಡುವ ಹಾಗೆ ಕಾಣಲಿಲ್ಲ. ಅವರು ಪೆನ್ನು ತೆಗೆದು, 'ಸೌಜನ್ಯ'ದ ಹಾಳೆಯನ್ನು ಹರಿದು, ಹೊಸದರಲ್ಲಿ ಬರೆದರು: 'ಚುಕ್ಕಿಯ ಬಣ್ಣ ನಮ್ಮ ಕೌಂಟರಿನಲ್ಲಿ ಬದಲಾದದ್ದು. ವಾರಂಟಿಯಡಿ ದುರಸ್ತಿ.' ನಾನು ಎರಡು ಸಲ ಓದಿ ಹೇಳಿದ ಮೇಲೆಯೇ ಚಿಕ್ಕಮ್ಮ ಕಿಟಕಿ ಬಿಟ್ಟದ್ದು.

ಮೂರನೇ ದಿನ ಫೋನು ಬಂತು. ಬೋರ್ಡೂ ಇಲ್ಲ, ಗೀರ್ಡೂ ಇಲ್ಲ. ಆನ್ ಮಾಡುವ ಗುಂಡಿಯ ಒಳಗೊಂದು ಪಟ್ಟಿ ಬಿಟ್ಟುಕೊಂಡಿತ್ತಂತೆ. ಒಳಗಿದ್ದ ಮಾತೆಲ್ಲ ಹಾಗೇ ಇತ್ತು. ಬಾಗಿಲು ತೆರೆದಿಟ್ಟು ಚಿಕ್ಕಮ್ಮ ಒಂದೊಂದೇ ನಂಬರು ಹಾಕಿ ಕೇಳಿಸಿದಳು, ನಾನು ಗೂಟದಿಂದ ಇಳಿಸಿ ಕೊಡುತ್ತಾ ಹೋದೆ. ಕಪ್ಪು ಕೋಟು ಆ ಇಬ್ಬರದೂ ಆಗಿರಲಿಲ್ಲ.

ಕೊನೆಗೆ ಉಳಿದದ್ದು ಒಂದು ಹಸಿರು ಶಾಲು. ಅದರ ಒಡತಿ, ಹಿಂದಿನ ಬೀದಿಯ ಮುದುಕಿ, ಕರೆಕಳಿಸಿದ್ದಕ್ಕೆ ಬಂದವಳು ಸೊಂಟಕ್ಕೆ ಕೈಯಿಟ್ಟು ನಿಂತಳು.

"ನಾನು ಕೊಟ್ಟೇ ಇಲ್ಲ ಕಣಮ್ಮ. ನಂದು ಪೆಟ್ಟಿಗೇಲಿದೆ."

ಚಿಕ್ಕಮ್ಮ ಗುಂಡಿ ಒತ್ತಿದಳು. ಫೋನಿನಿಂದ ಮುದುಕಿಯದೇ ಧ್ವನಿ ಬಂತು: "ಹಸಿರು ಶಾಲು ಅಂತ ಸರಿಯಾಗಿ ಹೇಳಿಟ್ಕೊಳೇ, ನಿನ್ನ ಮರೆವು ನನಗೆ ಗೊತ್ತಿಲ್ವಾ!"

ಮುದುಕಿ ಶಾಲನ್ನು ತಿರುಗಿಸಿ, ಬೆಳಕಿಗೆ ಹಿಡಿದು, ಕಲೆಯಿದ್ದ ಜಾಗ ಹುಡುಕಿದಳು. ಸಿಗಲಿಲ್ಲ. ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದಳು.