ಇಂಡಿಕೇಟರಿನ ಸದ್ದು

"ಮಾವ, ಸೀಟು ಎತ್ತಬೇಕು, ಕೀ ಕೊಡಿ," ಎಂದು ಅಳಿಯ ಕೈ ಚಾಚಿದಾಗ ಸೂಜಿಯಣ್ಣ ಜೇಬಿನಲ್ಲಿದ್ದ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿಂತ. ಕೊಟ್ಟ ಕೀಲಿ ವಾಪಸು ಬರುತ್ತದೆಂದು ಏನು ಗ್ಯಾರಂಟಿ? ಅಂಗಳದಲ್ಲಿ ಮೋಟಾರ್ ಸೈಕಲ್ಲಿನ ಪಕ್ಕ ಗೋಣಿಚೀಲ ಹಾಸಿ ಅಳಿಯ ಆಗಲೇ ಅಂಗಡಿ ತೆರೆದಿದ್ದ. ನಾಲ್ಕು ಹೊಸ ಎಲ್‌ಇಡಿ ಇಂಡಿಕೇಟರ್, ಪಟ್ಟೆ ಪಟ್ಟೆಯ ಎರಡು ಲೋಹದ ಡಬ್ಬಿ, ವೈರು, ಟೇಪು, ಕಟರ್. ಯಾರೂ ತಾ ಎಂದಿರಲಿಲ್ಲ. ಕೇಳದೆ ಕೊಡಲು ಬಂದವನ ಕೈಯನ್ನು ಒಂದು ಸಲ ತಿರುಗಿಸಿ ನೋಡಬೇಕು ಎನ್ನುವುದು ಸೂಜಿಯಣ್ಣ ಬದುಕಿನಲ್ಲಿ ಕಲಿತ ಪಾಠ. ಆದರೂ ಮಗಳ ಗಂಡನಿಗೆ ಕೊಡುವುದಿಲ್ಲ ಎನ್ನುವುದು ಹೇಗೆ? ಕೊಟ್ಟ.

ಹೊಲಿಗೆ ಮೆಷಿನ್ ರಿಪೇರಿ ಅವನ ಕಸುಬು. ಈ ಬೈಕಿನ ಎರಡೂ ಪಕ್ಕಕ್ಕೆ ಚೀಲ ತೂಗಿಸಿಕೊಂಡು ದರ್ಜಿಗಳ ಅಂಗಡಿ, ಹೊಲಿದು ಸಂಸಾರ ತೂಗಿಸುವ ಹೆಂಗಸರ ಮನೆ ಎಲ್ಲ ಸುತ್ತುತ್ತಿದ್ದ. ಸುತ್ತಿ ಸುತ್ತಿ ಅಪ್ಪ ಅಮ್ಮ ಇಟ್ಟ ಹೆಸರು ಎಲ್ಲರಿಗೂ ಮರೆತುಹೋಗಿ ಸೂಜಿಯಣ್ಣ ಎಂಬುದೇ ಉಳಿದಿತ್ತು. ಒಂದು ಕಾಲದಲ್ಲಿ ಹೊಸ್ತಿಲಲ್ಲಿ ನಿಂತು, ಮೆಷಿನ್ ಓಡುವ ಸದ್ದು ಕೇಳಿಯೇ "ಶಟಲ್ ಸವೆದಿದೆ ಕಣಮ್ಮ" ಎಂದು ಹೇಳಿಬಿಡುತ್ತಿದ್ದ. ಈಗ ಆ ಕಿವಿಯೇ ಕೈಕೊಟ್ಟಿತ್ತು. ಎದುರು ನಿಂತು ಮಾತಾಡಿದರೆ ತುಟಿ ನೋಡಿ ಅಷ್ಟಿಷ್ಟು ತಿಳಿಯುತ್ತಿತ್ತು. ಬೆನ್ನು ತಿರುಗಿಸಿದರೆ ಮುಗಿಯಿತು, ಗೋಡೆಯ ಜೊತೆ ಮಾತಾಡಿದಂತೆಯೇ. ಮೆಷಿನ್‌ಗಳಿಗೆ ಮಾತ್ರ ಅವನೊಂದು ಉಪಾಯ ಕಂಡುಕೊಂಡಿದ್ದ. ಕಾಲಲ್ಲಿ ತುಳಿಯುತ್ತ, ಬಲಗೈ ತೋರುಬೆರಳನ್ನು ಮೆಷಿನ್ನಿನ ಮೈಗೆ ಒತ್ತಿ ಹಿಡಿದರೆ ಸದ್ದೆಲ್ಲ ಬೆರಳಿನ ತುದಿಗೆ ಬಂದು ಬಡಿಯುತ್ತಿತ್ತು. ದರ್ಜಿಗಳು ಅದನ್ನು ಹಳೇ ಕೈಯ ಗತ್ತು ಎಂದುಕೊಂಡಿದ್ದರು. ಅಂದುಕೊಳ್ಳಲಿ ಎಂದು ಇವನೂ ಸುಮ್ಮನಿದ್ದ.

ಈ ಗುಟ್ಟು ಮಗಳಿಗೂ ಗೊತ್ತಿರಲಿಲ್ಲ. ಗೊತ್ತಾಗಕೂಡದು. ಕಿವಿ ಹೋಗಿದೆ ಎಂದು ತಿಳಿದರೆ ಅವಳು ಬೈಕ್ ಮುಟ್ಟಲು ಬಿಡುವುದಿಲ್ಲ. ಬೈಕ್ ಹೋದರೆ ಕಸುಬು ಹೋಯಿತು. ಆಮೇಲೆ ಮಗಳ ಮನೆಯ ಕುರ್ಚಿಯೊಂದರಲ್ಲಿ ಕೂತು ಕೇಳಿಸದ ಟಿವಿ ನೋಡುವುದೊಂದೇ ಬಾಕಿ.

ಹೀಗಿರುವಾಗ ಕಳೆದ ವಾರ ಒಂದು ಎಡವಟ್ಟು ಆಗಿತ್ತು. ಅಳಿಯ ಬಸ್ ಡಿಪೋದಲ್ಲಿ ವೈರಿಂಗ್ ಕೆಲಸದವನು. ಅಲ್ಲಿಯ ಡ್ರೈವರೊಬ್ಬ ಬಂದು, ನಿಮ್ಮ ಮಾವ ಬಲಗಡೆ ಇಂಡಿಕೇಟರ್ ಹಾಕಿಕೊಂಡೇ ಮೈಲಿಗಟ್ಟಲೆ ನೆಟ್ಟಗೆ ಹೋದರು, ನಾನು ಬ್ರೇಕ್ ಒತ್ತಿ ಒತ್ತಿ ಸಾಕಾಯಿತು ಎಂದು ದೂರು ಕೊಟ್ಟಿದ್ದ. ಮಗಳು ಅಂದೇ ಬಂದು ಎದುರಿಗೆ ನಿಂತಳು.

"ಅಪ್ಪ, ಇಂಡಿಕೇಟರ್ ಹಾಕಿದ್ರೆ ಟಿಕ್ ಟಿಕ್ ಅನ್ನಲ್ವಾ? ನಿನಗೆ ಕೇಳಿಸ್ಲಿಲ್ವಾ?"

"ಕೇಳಿಸದೇ ಏನು? ಏನೋ ಯೋಚನೇಲಿದ್ದೆ. ನನ್ನ ಕಿವಿಗೇನಾಗಿದೆ?"

ಕಿವಿಯ ಮಾತನ್ನು ಅವಳು ಎತ್ತಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತಲ್ಲ ಎಂದು ಆಮೇಲೆ ಅವನು ರಾತ್ರಿಯೆಲ್ಲ ಹೊರಳಾಡಿದ. ಅವಳು ಹೊರಡುವಾಗ, "ಸಾಕಪ್ಪ ಈ ಗಾಡಿ, ಮಾರಿಬಿಡು," ಎಂದದ್ದು ಮಾತ್ರ ತುಟಿಯ ಮೇಲೆ ಸ್ಪಷ್ಟವಾಗಿ ಕಂಡಿತ್ತು. ಈಗ ನೋಡಿದರೆ ಅಳಿಯ ಅವಳನ್ನೂ ಕರೆದುಕೊಂಡು ರಜೆಯ ದಿನ ಬೆಳಗ್ಗೆಯೇ ದೀಪ ಹಿಡಿದುಕೊಂಡು ಹಾಜರು. ಎಳ್ಳಷ್ಟೂ ಸಂಶಯವಿಲ್ಲ, ಇದು ಪರೀಕ್ಷೆ. ಗಂಡ ಹೆಂಡತಿ ಕೂಡಿ ಹೂಡಿದ ಆಟ.

ಕೆಲಸ ಶುರುವಾಗುವ ಮೊದಲು ಅವರಿಬ್ಬರೂ ಅಡುಗೆಮನೆ ಬಾಗಿಲಲ್ಲಿ ಮಾತಾಡಿದ್ದನ್ನೂ ಅವನು ಕಂಡಿದ್ದ. ಅಳಿಯನ ಬೆನ್ನು ಇತ್ತ ಕಡೆಗಿತ್ತು. ಮಗಳು ಮಾತಿನ ಮಧ್ಯೆ ಒಂದು ಸಲ ಇವನತ್ತ ನೋಡಿ ತಕ್ಷಣ ಪಾತ್ರೆಯತ್ತ ತಿರುಗಿದಳು. ಇಷ್ಟು ಸಾಕಾಗದೇ?

"ಈ ಡಬ್ಬಿ ಯಾಕೆ?" ಎಂದು ಸೂಜಿಯಣ್ಣ ಗೋಣಿಚೀಲದತ್ತ ಬೆರಳು ಮಾಡಿದ.

"ಲೋಡ್ ಈಕ್ವಲೈಜರ್ ಮಾವ." ಅಳಿಯ ತಲೆಯೆತ್ತಿದ. "ಎಲ್‌ಇಡಿ ತುಂಬ ಕಮ್ಮಿ ಕರೆಂಟ್ ಎಳೆಯುತ್ತೆ. ಟಿಕ್ ಟಿಕ್ ಅಂತ ದೀಪ ಹತ್ತಿಸಿ ಆರಿಸೋ ರಿಲೇ ಏನ್ ಮಾಡುತ್ತೆ, ಬಲ್ಬ್ ಸುಟ್ಟೋಯ್ತು ಅಂದ್ಕೊಂಡು ಪಟಪಟ ಬಡ್ಕೊಳ್ಳೋಕೆ ಶುರು ಮಾಡುತ್ತೆ. ಈ ಡಬ್ಬಿ ಮಿಕ್ಕಿದ ಕರೆಂಟ್ ತಿಂದ್ಕೊಂಡು ರಿಲೇನ ಸಮಾಧಾನ ಮಾಡುತ್ತೆ."

"ಅಂದ್ರೆ ಕರೆಂಟ್ ಉಳಿಸೋ ದೀಪ ಹಾಕೋದು, ಉಳಿಸಿದ್ದನ್ನ ತಿನ್ನೋಕೆ ಪಕ್ಕದಲ್ಲಿ ಇನ್ನೊಬ್ಬನ್ನ ಕೂರಿಸೋದು. ಮೂಗಿಗಿಂತ ಮೂಗುತಿ ಭಾರ."

ಅಳಿಯ ನಕ್ಕ. "ಎಲೆಕ್ಟ್ರಾನಿಕ್ ರಿಲೇ ಹಾಕಿದ್ರೆ ಡಬ್ಬಿ ಬೇಕಾಗಿಲ್ಲ. ಆದ್ರೆ ಅದು ಸದ್ದೇ ಮಾಡಲ್ಲ. ನಿಮಗೆ ಟಿಕ್ ಟಿಕ್ ಕೇಳಿಸ್ತಿದ್ರೆ ವಾಸಿ ಅಂತ ಹಳೇ ರಿಲೇನೇ ಇಟ್ಕೊಂಡೆ."

ನೋಡಿದೆಯಾ, ಬಂತು ಬುಡಕ್ಕೆ. ಸೂಜಿಯಣ್ಣ ಮುಖದಲ್ಲಿ ಏನೂ ತೋರಿಸಿಕೊಳ್ಳದೆ, "ಹೌದೌದು, ಸದ್ದಿರಬೇಕು," ಎಂದ.

ಹಳೆಯ ಇಂಡಿಕೇಟರುಗಳು ಕಳಚಿ ಬಿದ್ದವು. ಹೊಸವು ಕೂತವು. ಅಳಿಯ ಸೀಟಿನಡಿ ತಲೆ ತೂರಿಸಿ, ವೈರು ಸುಲಿದು, ಜೋಡಿಸಿ, ಪಟ್ಟೆಯ ಡಬ್ಬಿಗಳನ್ನು ಫ್ರೇಮಿನ ಕಬ್ಬಿಣಕ್ಕೆ ಸ್ಕ್ರೂ ಹಾಕಿ ಬಿಗಿದ. ಹುಡುಗನ ಕೈ ಅಚ್ಚುಕಟ್ಟು, ಅದನ್ನು ಸೂಜಿಯಣ್ಣ ಒಪ್ಪಲೇಬೇಕಾಯಿತು. ಒಪ್ಪಿದಷ್ಟೂ ಅನುಮಾನ ಹೆಚ್ಚಾಯಿತು. ಇಷ್ಟು ಜಾಣ ಸುಮ್ಮಸುಮ್ಮನೆ ಬರುವವನಲ್ಲ. ನಡುವೆ ಒಂದು ಸಲ ಅಳಿಯ ಬಗ್ಗಿಕೊಂಡೇ ಏನೋ ಹೇಳಿದ. ಕತ್ತು ಅಲುಗಿದ್ದು ಕಂಡಿತು, ಮುಖ ಕಾಣಲಿಲ್ಲ. "ಹೂಂ, ಹೂಂ," ಎಂದ ಸೂಜಿಯಣ್ಣ. ಇಂಥ ಹೂಂಗುಟ್ಟುವಿಕೆಯಲ್ಲಿ ಅವನು ಪಳಗಿದ್ದ.

ಕೊನೆಗೆ ಅಳಿಯ ಕೀಲಿ ತಿರುಗಿಸಿ ಎಡಗಡೆಯ ಇಂಡಿಕೇಟರ್ ಹಾಕಿದ. ಹಳದಿ ಬೆಳಕು ಕಣ್ಣಿಗೆ ಚುಚ್ಚುವ ಹಾಗೆ ಹತ್ತಿ ಆರಿತು, ಅವಸರವಿಲ್ಲದೆ.

"ಸ್ವಲ್ಪ ಹೊತ್ತು ಉರೀಲಿ ಮಾವ. ನಾನು ಕೈ ತೊಳ್ಕೊಂಡು ಬರ್ತೀನಿ. ಅಷ್ಟರಲ್ಲಿ ರಿಲೇ ಸದ್ದು ಹೇಗಿದೆ ಕೇಳಿ ಹೇಳಿ. ಒಣ ಸದ್ದು ಬಂದ್ರೆ ಅದರ ಆಯಸ್ಸು ಮುಗೀತು ಅಂತ. ಸದ್ದಿನ ವಿಷಯ ನಿಮಗೆ ಹೇಳಿಕೊಡ್ಬೇಕಾ?"

ಅಳಿಯ ಒಳಗೆ ಹೋದ. ಸೂಜಿಯಣ್ಣ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಕಿವಿ ಒಡ್ಡಿದ. ಏನೂ ಇಲ್ಲ. ದೀಪ ಮಾತ್ರ ಹತ್ತುತ್ತಿತ್ತು, ಆರುತ್ತಿತ್ತು. ದೀಪ ನೋಡಿ ಲೆಕ್ಕ ಹಾಕಬಹುದು, ಆದರೆ ಒಣ ಸದ್ದೋ ಹಸಿ ಸದ್ದೋ ಎನ್ನುವುದನ್ನು ದೀಪ ಹೇಳುವುದಿಲ್ಲ. ಅವನು ಅಡುಗೆಮನೆಯತ್ತ ಒಮ್ಮೆ ನೋಡಿದ. ಯಾರೂ ಇರಲಿಲ್ಲ. ಸೀಟಿನಡಿ ಕೈ ಹಾಕಿದ. ಹಳೆಯ ರಿಲೇ ಎಂದರೆ ಸಣ್ಣದೊಂದು ಲೋಹದ ಡಬ್ಬಿ ಎಂದು ನೆನಪಿತ್ತು. ಕೈಗೆ ಸಿಕ್ಕ ಲೋಹದ ಡಬ್ಬಿಗೆ ತೋರುಬೆರಳನ್ನು, ಮೆಷಿನ್ನಿಗೆ ಒತ್ತುವ ಹಾಗೆಯೇ, ಗಟ್ಟಿಯಾಗಿ ಒತ್ತಿ ಹಿಡಿದು ಕಣ್ಣು ಮುಚ್ಚಿದ.

ಬಡಿತ ಬರಲಿಲ್ಲ. ಇನ್ನಷ್ಟು ಒತ್ತಿದ. ಮೆಷಿನ್ನಿನ ಎಣ್ಣೆ ಕುಡಿದು ಜಡ್ಡುಗಟ್ಟಿದ ಬೆರಳು, ಬಿಸಿ ಒಳಗಿಳಿಯುವುದು ತಡವಾಯಿತು. ಇಳಿದಾಗ ಒಮ್ಮೆಗೇ ಇಳಿಯಿತು. ಕೈ ಕಿತ್ತುಕೊಂಡು ಹಲ್ಲು ಕಚ್ಚಿದ. ಬೆರಳ ತುದಿ ಬೆಳ್ಳಗಾಗಿ, ಡಬ್ಬಿಯ ಪಟ್ಟೆಗಳ ಗುರುತು ಅಚ್ಚೊತ್ತಿತ್ತು.

ಅಳಿಯ ಟವೆಲಿನಲ್ಲಿ ಕೈ ಒರೆಸುತ್ತ ಬಂದಾಗ ಸೂಜಿಯಣ್ಣ ಬಲಮುಷ್ಟಿ ಬಿಗಿದು ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದ.

"ಹೇಗಿದೆ ಸದ್ದು?"

"ಚೆನ್ನಾಗಿದೆ. ಒಣ ಸದ್ದು ಏನಿಲ್ಲ. ಇನ್ನೂ ನಾಲ್ಕು ವರ್ಷ ಬರುತ್ತೆ."

ಹಣೆಯ ಮೇಲೆ ಬೆವರು ಮೂಡಿದ್ದು ಅವನಿಗೆ ಗೊತ್ತಾಗಲಿಲ್ಲ, ಅಳಿಯನಿಗೆ ಕಂಡಿತು. ಅವನು ಮಾವನ ಹಿಂದಕ್ಕೆ ಬಂದು ಆ ಕೈ ಹಿಡಿದು, ಬೆರಳು ಒಂದೊಂದಾಗಿ ಬಿಡಿಸಿದ.

"ಅಯ್ಯೋ ಮಾವ. ಆ ಡಬ್ಬಿ ಕೆಂಡದ ಹಾಗೆ ಕಾಯುತ್ತೆ, ಮುಟ್ಟಬೇಡಿ ಅಂತ ಆಗಲೇ ಹೇಳಿದ್ನಲ್ಲ. ನೀವು ಹೂಂ ಅಂದ್ರಿ."

ಅಳಿಯ ಅವನ ಬೆರಳು ನೋಡಿದ, ಸೀಟಿನಡಿಯ ಡಬ್ಬಿ ನೋಡಿದ, ಮತ್ತೆ ಬೆರಳು ನೋಡಿದ. ಒಳಗೆ ಹೋಗಿ ಒಂದು ಮಗ್ಗು ನೀರು ತಂದು, ಬೆರಳನ್ನು ಅದರಲ್ಲಿ ಮುಳುಗಿಸಿ, ಮಾವನನ್ನು ಮೆಟ್ಟಿಲ ಮೇಲೆ ಕೂರಿಸಿದ. ಆಮೇಲೆ ಇಂಡಿಕೇಟರ್ ಆರಿಸಿ, ಕಟರ್ ಎತ್ತಿಕೊಂಡು, ಸೀಟಿನಡಿಯ ವೈರನ್ನು ಕತ್ತರಿಸಿದ.

ಮುಗಿಯಿತು ಎಂದುಕೊಂಡ ಸೂಜಿಯಣ್ಣ. ಬಿಚ್ಚಿ ಹಾಕುತ್ತಿದ್ದಾನೆ. ಇನ್ನು ಮಗಳನ್ನು ಕರೆಯುತ್ತಾನೆ, ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ನಿಲ್ಲುತ್ತಾಳೆ, ಇಬ್ಬರೂ ಸೇರಿ ಮೆತ್ತಗೆ, ಬೇಜಾರಾಗದ ಹಾಗೆ ಹೇಳುತ್ತಾರೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನೀರಿನಲ್ಲಿದ್ದ ಬೆರಳು ಉರಿಯುತ್ತಿತ್ತು. ಅತ್ತ ನೋಡಬಾರದೆಂದು ಮಗ್ಗಿನೊಳಗೇ ನೋಡುತ್ತ ಕೂತ.

ಬಹಳ ಹೊತ್ತಿನ ಮೇಲೆ ಹೆಗಲ ಮೇಲೆ ಕೈ ಬಿತ್ತು. ಅಳಿಯ ಬೈಕ್ ಹತ್ತಲು ಸನ್ನೆ ಮಾಡಿದ. ಸೀಟು ಮುಚ್ಚಿತ್ತು. ಅದರಡಿಯಿಂದ ಹೊಸ ವೈರೊಂದು ಟ್ಯಾಂಕಿನ ಕೆಳಗೆ ನುಸುಳಿ ಹ್ಯಾಂಡಲಿನವರೆಗೆ ಬಂದಿತ್ತು. ಎಡಗಡೆಯ ಹಿಡಿಯ ಒಳಬದಿಗೆ, ಸ್ವಿಚ್ಚಿನ ಪಕ್ಕದಲ್ಲೇ, ಹಳೆಯ ರಿಲೇಯನ್ನು ಎರಡು ಪ್ಲಾಸ್ಟಿಕ್ ಟ್ಯಾಗಿನಿಂದ ಬಿಗಿಯಾಗಿ ಕಟ್ಟಿದ್ದ. ಅಳಿಯ ಮಾವನ ಎಡಗೈ ಹಿಡಿದು ಹ್ಯಾಂಡಲಿನ ಮೇಲಿಟ್ಟು, ತೋರುಬೆರಳನ್ನು ಅದಕ್ಕೆ ತಾಗಿಸಹೋದ. ಸೂಜಿಯಣ್ಣ ಸರಕ್ಕನೆ ಕೈ ಎಳೆದುಕೊಂಡ.

ಅಳಿಯ ಬೈಕಿನ ಮುಂದಕ್ಕೆ ಬಂದು, ಮುಖಕ್ಕೆ ಮುಖ ಕೊಟ್ಟು ನಿಂತ.

"ಇದು ಬಿಸಿಯಾಗಲ್ಲ ಮಾವ," ಎಂದ.

ಸೂಜಿಯಣ್ಣ ಮತ್ತೆ ಬೆರಳಿಟ್ಟ. ಹೆಬ್ಬೆರಳಿನಿಂದ ಸ್ವಿಚ್ ತಳ್ಳಿದ. ಟಕ್. ಬೆರಳಿಗೆ ಬಡಿಯಿತು. ಟಕ್, ಟಕ್. ಅಳಿಯ ಕಾಲಿನ ಸನ್ನೆ ಮಾಡಿ ತೋರಿಸಿದ, ಇವನು ಕಿಕ್ಕರ್ ತುಳಿದ. ಎಂಜಿನ್ನಿನ ನಡುಕ ಕೈತುಂಬ ಹರಡಿತು. ಎಷ್ಟೋ ಮೆಷಿನ್‌ಗಳಲ್ಲಿ ಬೆಲ್ಟಿನ ನಡುಕ ಯಾವುದು, ಶಟಲಿನ ಬಡಿತ ಯಾವುದು ಎಂದು ಬಿಡಿಸಿ ನೋಡಿ ಪಳಗಿದವನು ಅವನು. ನಡುಕದ ನಡುವೆ ಟಿಕ್ ಟಿಕ್ ಬೇರೆಯಾಗಿಯೇ ನಿಂತಿತು. ಒಣಗಿರಲಿಲ್ಲ.

ಎಂಜಿನ್ ಸದ್ದಿಗೆ ಮಗಳು ಹೊರಗೆ ಬಂದಳು. ಹ್ಯಾಂಡಲಿಗೆ ಕಟ್ಟಿದ ಡಬ್ಬಿಯತ್ತ ಬೆರಳು ತೋರಿಸಿ ಗಂಡನನ್ನು ಏನೋ ಕೇಳಿದಳು. ಅಳಿಯ ಅವಳತ್ತ ತಿರುಗಿದ. ಬೆನ್ನು ಇತ್ತ ಬಂತು. ಅವನು ಒಂದೆರಡು ಮಾತು ಹೇಳಿದ, ಮಗಳು ಅದಕ್ಕೆ ಇನ್ನೇನೋ ಅಂದಳು. ಸೂಜಿಯಣ್ಣ ಅವಳ ತುಟಿಯತ್ತ ನೋಡಲಿಲ್ಲ. ಎದುರಿನ ಗೋಡೆಯ ಮೇಲೆ ಹಳದಿ ಬೆಳಕು ಬಿದ್ದು ಹೋಗುತ್ತಿತ್ತು. ಅವನು ಸ್ವಿಚ್ಚನ್ನು ಬಲಕ್ಕೆ ತಳ್ಳಿ ನೋಡಿದ, ಮತ್ತೆ ಎಡಕ್ಕೆ ತಂದ, ಬೆರಳನ್ನು ಅಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಿದ.