ಚಿಕ್ಕಮ್ಮ ಅಳದ ದೃಶ್ಯ

ಸುಳ್ಳು ಹೇಳುವುದರಲ್ಲಿ ನಾನು ಅಂಥ ಜಾಣೆಯೇನಲ್ಲ. ಚಿಕ್ಕಂದಿನಲ್ಲಿ ಸಕ್ಕರೆ ಕದ್ದು ತಿಂದು, ಯಾರೂ ಕೇಳುವ ಮೊದಲೇ "ನಾನಲ್ಲ" ಎಂದು ಸಿಕ್ಕಿಬೀಳುತ್ತಿದ್ದವಳು. ಅಂಥವಳು ಜೀವನದಲ್ಲಿ ಒಂದೇ ಒಂದು ಸುಳ್ಳನ್ನು ಸಲೀಸಾಗಿ ಹೇಳಿದೆ, ಅದೂ ಚಿಕ್ಕಮ್ಮನಿಗೆ. ಥೂ ನನ್ನ ಜನ್ಮಕ್ಕೆ!

ನಾನು ವಿಡಿಯೊ ಗೇಮ್ ಸ್ಟುಡಿಯೊ ಒಂದರಲ್ಲಿ ಧ್ವನಿ ವಿಭಾಗ ನೋಡಿಕೊಳ್ಳುತ್ತೇನೆ. ಪರದೆಯ ಮೇಲಿನ ಗೊಂಬೆಗಳು ಮಾತಾಡುವುದು, ಕೂಗುವುದು, ಬಿದ್ದು "ಅಯ್ಯೋ" ಅನ್ನುವುದು ಎಲ್ಲ ನನ್ನ ಜವಾಬ್ದಾರಿ. ಚಿಕ್ಕಮ್ಮ, ಅಂದರೆ ನನ್ನಮ್ಮನ ತಂಗಿ, ಮೂವತ್ತು ವರ್ಷ ಡಬ್ಬಿಂಗ್ ಮಾಡಿದವಳು. ಎಷ್ಟೋ ನಾಯಕಿಯರು ಅವಳ ಗಂಟಲಲ್ಲಿ ನಕ್ಕಿದ್ದಾರೆ, ಅತ್ತಿದ್ದಾರೆ. ಬೀದಿಯಲ್ಲಿ ಅವಳ ಗುರುತು ಯಾರಿಗೂ ಸಿಗುವುದಿಲ್ಲ. ತರಕಾರಿ ಚೌಕಾಸಿಗೆ ಬಾಯಿ ತೆರೆದಾಗ ಮಾತ್ರ ಅಂಗಡಿಯವರು ಒಮ್ಮೆ ತಲೆಯೆತ್ತಿ ನೋಡುತ್ತಾರೆ.

ನಮ್ಮ ಹೊಸ ಗೇಮಿನಲ್ಲಿ ದೋಣಿ ನಡೆಸುವ ಮುದುಕಿಯೊಬ್ಬಳಿದ್ದಳು. ಆ ಪಾತ್ರಕ್ಕೆ ಚಿಕ್ಕಮ್ಮನನ್ನು ಕರೆದವಳು ನಾನೇ. ಆಡುವವರು ಯಾವ ದಾರಿ ಹಿಡಿದರೆ ಯಾವ ಮಾತು ಎಂದು ಲೆಕ್ಕ ಹಾಕಿದರೆ ಮುದುಕಿಗೆ ನಾಲ್ಕು ಸಾವಿರ ಮಾತು. ಅಷ್ಟನ್ನೂ ಒಬ್ಬರ ಗಂಟಲಲ್ಲಿ ಹೇಳಿಸುತ್ತಾ ಕೂರಲು ಸಮಯವಿಲ್ಲ, ಎಐಗೆ ಅವರ ದನಿ ಕಲಿಸೋಣ ಎಂದರು ನಮ್ಮ ಪ್ರೊಡಕ್ಷನ್ ಮ್ಯಾನೇಜರ್. ಬಾಯಿ ಬಿಟ್ಟರೆ ಗಡುವಿನ ಮಾತೇ ಆಡುತ್ತಾರೆಂದು ನಾವು ಅವರಿಗೆ ಗಡುವಪ್ಪ ಎಂದು ಹೆಸರಿಟ್ಟಿದ್ದೆವು. ಚಿಕ್ಕಮ್ಮ ಒಪ್ಪಿ, ಮೂರು ದಿನ ಮೈಕಿನ ಮುಂದೆ ಕೂತು ಪುಟಗಟ್ಟಲೆ ಓದಿದಳು. ಒಂದೇ ಒಂದು ಷರತ್ತು ಹಾಕಿದಳು.

"'ಹುಷಾರು', 'ಈ ಕಡೆ ಬಾ' ಅನ್ನೋದನ್ನೆಲ್ಲ ನಿನ್ನ ಮಷೀನು ಹೇಳ್ಕೊಳ್ಲಿ ಪುಟ್ಟಿ. ಕೊನೇ ದೃಶ್ಯ ಮಾತ್ರ ನಂದು."

ಕೊನೆಯ ದೃಶ್ಯದಲ್ಲಿ ಮುದುಕಿ, ನೀರುಪಾಲಾದ ತನ್ನ ಅಕ್ಕನನ್ನು ಕರೆದು ಅಳುತ್ತಾಳೆ.

"ನಿಮ್ಮಮ್ಮ ಹೋದಾಗ ನಾನು ಜನರ ಮುಂದೆ ಅಳ್ಲಿಲ್ಲ ಕಣೇ. ಬಂದೋರಿಗೆ ಕುರ್ಚಿ ಹಾಕೋದ್ರಲ್ಲೇ ಆಗೋಯ್ತು. ಇದೊಂದ್ಸಲ ಮೈಕ್ ಮುಂದೆ ಅತ್ತುಬಿಡ್ತೀನಿ."

ನನ್ನಮ್ಮನಿಗೆ ಮರೆವಿನ ಕಾಯಿಲೆಯಿತ್ತು. ಕೊನೆಕೊನೆಗೆ ಒಡಹುಟ್ಟಿದ ತಂಗಿಯನ್ನೇ "ನೀವು ಯಾರ ಮನೆಯವ್ರು?" ಎಂದು ಕೇಳುತ್ತಿದ್ದಳು. ಐದು ವರ್ಷ ಉಣಿಸಿ, ಮೀಯಿಸಿ ನೋಡಿಕೊಂಡವಳು ಚಿಕ್ಕಮ್ಮ. ಹಾಗಾಗಿ "ಆಣೆಗೂ ನಿನ್ನ ಬಿಟ್ಟು ಬೇರೆ ಯಾರೂ ಅಳಲ್ಲ" ಎಂದೆ. ಆಣೆಯಂತೆ ಆಣೆ!

ನಮ್ಮಲ್ಲೊಂದು ಪದ್ಧತಿಯಿದೆ. ತಾತ್ಕಾಲಿಕವಾಗಿ ಹಾಕಿದ ಮಷೀನಿನ ದನಿಯ ಮುಂದೆ "ಟುಂಯ್" ಎಂದೊಂದು ಶಬ್ದ ಸೇರಿಸುತ್ತೇವೆ. ಗೇಮನ್ನು ಆಡಿನೋಡುವಾಗ ಟುಂಯ್ ಕೇಳಿಸಿದರೆ, ಇಲ್ಲಿಗೆ ನಿಜವಾದ ದನಿ ಬರಬೇಕು ಎಂದರ್ಥ. ಬಿಡುಗಡೆಗೆ ಮುಂಚೆ ಟುಂಯ್‌ಗಳನ್ನೆಲ್ಲ ಹುಡುಕಿ, ಪಟ್ಟಿ ಮಾಡಿ, ಕಲಾವಿದರನ್ನು ಕರೆಸುತ್ತೇವೆ. ಕೊನೆಯ ದೃಶ್ಯಕ್ಕೂ ಹಾಗೆಯೇ ಟುಂಯ್ ಹಾಕಿಟ್ಟಿದ್ದೆ.

ಆದರೆ ಮಷೀನಿಗೆ ಅಳು ಬರಲಿಲ್ಲ. ಚಿಕ್ಕಮ್ಮ ಮೂರು ದಿನ ಓದಿದ್ದರಲ್ಲಿ ಅಳುವೇ ಇರಲಿಲ್ಲವಲ್ಲ. ಅದು ನೆಗಡಿಯಾದವರ ಹಾಗೆ ಮೂಗೆಳೆಯುತ್ತಿತ್ತು. ಮರುದಿನ ಬೆಳಿಗ್ಗೆ ಗೇಮ್ ಮಾರುವ ಕಂಪನಿಯವರು ನೋಡಲು ಬರುವವರಿದ್ದರು. "ಏನಾದ್ರೂ ಮಾಡಮ್ಮಾ" ಎಂದು ಗಡುವಪ್ಪ ತಲೆಯ ಮೇಲೆ ಕೂತರು. ನನ್ನ ಮೊಬೈಲಿನಲ್ಲಿ, ಅಮ್ಮ ಹೋದ ದಿನ ಚಿಕ್ಕಮ್ಮ ಕಳಿಸಿದ ವಾಯ್ಸ್ ಮೆಸೇಜ್ ಇತ್ತು. ನಲವತ್ತೊಂದು ಸೆಕೆಂಡು. "ಪುಟ್ಟೀ, ಅಕ್ಕ ಹೋಗ್ಬಿಟ್ಳು ಕಣೇ" ಎಂಬಷ್ಟೇ ಮಾತು, ಮಿಕ್ಕಿದ್ದೆಲ್ಲ ಅಳು. ಅದನ್ನು ಮಷೀನಿಗೆ ಕೊಟ್ಟು ಅಳು ಕಲಿಸಿದೆ.

ಒಂದು ದಿನದ ಮಟ್ಟಿಗಷ್ಟೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಂಥ ಅಳುವಿಗೆ ಮುಂಚೆ ಟುಂಯ್ ಎಂದರೆ ನಗೆಪಾಟಲಾಗುತ್ತದೆಂದು ಅದನ್ನೂ ಕತ್ತರಿಸಿ ಬಿಸಾಕಿದೆ.

ಬಂದವರು ಕಣ್ಣೊರೆಸಿಕೊಂಡರು. ಎಲ್ಲರೂ ನನ್ನ ಬೆನ್ನು ತಟ್ಟಿದರು. "ಇಷ್ಟು ಚೆನ್ನಾಗಿ ಬಂದಿದೆ, ಇನ್ಯಾಕಮ್ಮ ರೆಕಾರ್ಡಿಂಗು?" ಎಂದರು ಗಡುವಪ್ಪ. ಆಗ ನಾನು ಬಾಯಿ ಬಿಡಬೇಕಿತ್ತು. ಹೊಗಳಿಕೆಗೆ ಉಬ್ಬಿಹೋಗಿದ್ದೆ, ಬಿಡಲಿಲ್ಲ. ಟುಂಯ್ ಇಲ್ಲದ್ದರಿಂದ ಆ ದೃಶ್ಯ ಪಟ್ಟಿಗೂ ಬರಲಿಲ್ಲ.

ಚಿಕ್ಕಮ್ಮ ಮಾತ್ರ ವಾರವಾರ ಫೋನ್ ಮಾಡುತ್ತಿದ್ದಳು. "ಯಾವತ್ತು ಬರ್ಲೇ? ತಣ್ಣೀರು ಮುಟ್ಟಿ ಎರಡು ತಿಂಗಳಾಯ್ತು. ಗಂಟ್ಲು ಹೇಗಿದೆ ಗೊತ್ತಾ, ಹದಿನೆಂಟರ ಹುಡ್ಗಿ ನಾಚ್ಕೋಬೇಕು."

"ಮುಂದಿನ ವಾರ ಚಿಕ್ಕಮ್ಮ," ಎನ್ನುತ್ತಿದ್ದೆ ನಾನು. ಹಾಗೆನ್ನುತ್ತಲೇ ಗೇಮ್ ಬಿಡುಗಡೆಯಾಯಿತು.

ಒಂದು ಭಾನುವಾರ ಮಧ್ಯಾಹ್ನ ಚಿಕ್ಕಮ್ಮ ನಮ್ಮ ಮನೆಗೆ ಊಟಕ್ಕೆ ಬಂದಳು. ನಾನು ಅಡುಗೆಮನೆಯಲ್ಲಿದ್ದೆ. ನನ್ನ ಗಂಡನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಪಾಪ, ಖುಷಿಪಡಿಸೋಣವೆಂದು ಟಿವಿಯಲ್ಲಿ ಆ ದೃಶ್ಯವನ್ನೇ ಹಾಕಿಬಿಟ್ಟ. ಹಾಲಿನಿಂದ "ಅಕ್ಕಾ" ಎಂಬ ದನಿ ಕೇಳಿ ನನ್ನ ಕೈಯಲ್ಲಿದ್ದ ಸೌಟು ಸಿಂಕಿಗೆ ಬಿತ್ತು. ಓಡಿಬಂದು ನೋಡಿದರೆ ಚಿಕ್ಕಮ್ಮ ಸೋಫಾದ ತುದಿಯಲ್ಲಿ, ಪರದೆಗೆ ಮುಖ ಕೊಟ್ಟು, ಕಣ್ಣು ಪಿಳುಕಿಸದೆ ಕೂತಿದ್ದಳು.

"ಎಷ್ಟು ಚೆನ್ನಾಗಿ ಅತ್ತಿದೀರಿ ಚಿಕ್ಕಮ್ಮ!" ಎಂದ ನನ್ನ ಗಂಡ.

ಅವಳು ನನ್ನ ಕಡೆ ತಿರುಗಿದಳು. "ಇದನ್ನ ನಾನು ಯಾವಾಗ ಮಾಡ್ದೆ ಪುಟ್ಟಿ?"

"ಕೊನೇ ದಿನ ಮಾಡಿದ್ಯಲ್ಲ ಚಿಕ್ಕಮ್ಮ. ಎರಡೇ ಟೇಕಿಗೆ ಮುಗಿಸ್ದೆ. ಮರೆತ್ಯಾ?"

"ಮತ್ತೆ ನಾನು ವಾರವಾರ ಫೋನ್ ಮಾಡ್ತಿದ್ದದ್ದು?"

"ನೀನು ಗೇಮಿನ ಎರಡನೇ ಭಾಗಕ್ಕೆ ಕೇಳ್ತಿದೀಯ ಅಂದ್ಕೊಂಡಿದ್ದೆ."

ನೋಡಿ, ಎಷ್ಟು ನಯವಾಗಿ ಬಂತು ಬಾಯಿಗೆ! ಚಿಕ್ಕಮ್ಮ "ಹೌದಾ" ಎಂದಳು.

ಮುಂದಿನ ವಾರ ಅವಳ ಮನೆಗೆ ಹೋದರೆ ಅಡುಗೆಮನೆಯ ಡಬ್ಬಿಗಳ ಮೇಲೆಲ್ಲ ಚೀಟಿ. ಗ್ಯಾಸಿನ ಪಕ್ಕ ಒಂದು, ಬಾಗಿಲ ಹಿಂದೆ ಬೀಗದ ಕೈಗೊಂದು. ಮೇಜಿನ ಮೇಲಿನ ಪುಸ್ತಕದಲ್ಲಿ ಬೆಳಿಗ್ಗೆ ಏನು ತಿಂದೆ, ಯಾರು ಫೋನ್ ಮಾಡಿದರು ಎಂದು ಗಂಟೆ ಸಮೇತ ಬರೆದಿದ್ದಳು. ಅಮ್ಮನ ಕಾಯಿಲೆ ಶುರುವಾದಾಗ ಅವಳಿಗೆಂದು ಚಿಕ್ಕಮ್ಮ ಮಾಡಿಕೊಟ್ಟ ವ್ಯವಸ್ಥೆಯೇ ಅದು. ಚೀಟಿಯ ಅಂಚನ್ನು ಮಡಿಸಿ ಅಂಟಿಸುವ ರೀತಿಯೂ ಅದೇ. ಹೇಳಬೇಕೆಂದು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಸಕ್ಕರೆ ಎಲ್ಲಿದೆ ಎಂದು ಕೇಳಿದೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು.

"ಡಾಕ್ಟ್ರ ಹತ್ರ ಹೋಗ್ಬರೋಣ. ನಿಮ್ಮಮ್ಮನ್ನೂ ನೀನೇ ಅಲ್ವಾ ಕರ್ಕೊಂಡು ಹೋಗಿದ್ದು," ಎಂದಳು.

ಆಸ್ಪತ್ರೆಯ ಮೆಟ್ಟಿಲನ್ನು ನನ್ನ ತೋಳು ಹಿಡಿದುಕೊಂಡೇ ಹತ್ತಿದಳು. ಅವಳ ಬೆರಳು ತಣ್ಣಗಿದ್ದವು.

"ಮರೆವು ಅಂತ ಮೊದಲು ಯಾವಾಗ ಅನ್ನಿಸ್ತು?" ಎಂದು ಕೇಳಿದರು ಡಾಕ್ಟರಮ್ಮ.

"ಸತ್ತ ಅಕ್ಕನಿಗೋಸ್ಕರ ಅತ್ತಿದೀನಿ ಡಾಕ್ಟ್ರೇ, ಮೈಕ್ ಮುಂದೆ. ಅಷ್ಟು ಅತ್ತಿದ್ದು ಒಂಚೂರೂ ನೆನಪಿಲ್ಲ." ಕರವಸ್ತ್ರವನ್ನು ಮಡಿಸಿ ಬಿಚ್ಚಿ ಮಡಿಸುತ್ತಿದ್ದಳು. "ಅಕ್ಕನಿಗೆ ಹೀಗೇ ಶುರುವಾಗಿದ್ದು. ನನ್ನ ನೋಡ್ಕೊಳ್ಳೋಕೆ ತಂಗಿ ಇಲ್ಲ."

ಇನ್ನು ನನ್ನಿಂದ ಆಗಲಿಲ್ಲ. "ನೀನು ಅಳಲೇ ಇಲ್ಲ ಚಿಕ್ಕಮ್ಮ. ಅತ್ತಿದ್ದು ಮಷೀನು. ನಾನು ನಿಂಗೆ ಸುಳ್ಳು ಹೇಳ್ದೆ."

ಕೆನ್ನೆಗೆ ಬಾರಿಸುತ್ತಾಳೆಂದುಕೊಂಡೆ. ಬಾರಿಸಿದ್ದರೆ ಚೆನ್ನಾಗಿರುತ್ತಿತ್ತು. "ಹಾಗಾದ್ರೆ ನಾನು ಮರೆತಿಲ್ವಾ?" ಎಂದಳು. ಇಲ್ಲವೆಂದು ತಲೆಯಾಡಿಸಿದೆ. "ಮರೆತಿಲ್ವಂತೆ ಡಾಕ್ಟ್ರೇ!" ಎಂದು ಮೇಜಿನಾಚೆಯಿಂದ ಅವರ ಕೈಯನ್ನೇ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಗುವುದನ್ನು ನೋಡಿ, ನಾನು ಕೂತ ಕುರ್ಚಿ ಸಮೇತ ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು.

ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಚೀಲದಿಂದ ಆ ಪುಸ್ತಕ ತೆಗೆದು, ಪಕ್ಕದ ಕಸದ ಬುಟ್ಟಿಗೆ ಹಾಕಿ, ಕೈ ಒರೆಸಿಕೊಂಡಳು. ಆಮೇಲೆ ಏನೋ ಯೋಚನೆ ಬಂದವಳಂತೆ ನನ್ನನ್ನು ನೋಡಿದಳು.

"ನಾನು ಓದಿಕೊಟ್ಟಿದ್ರಲ್ಲಿ ಅಳು ಇರ್ಲಿಲ್ವಲ್ಲ ಪುಟ್ಟಿ. ನಿನ್ನ ಮಷೀನಿಗೆ ನನ್ನ ಅಳು ಎಲ್ಲಿಂದ ಸಿಕ್ತು?"

ನನ್ನ ಕೈ ತಾನಾಗಿಯೇ ಮೊಬೈಲಿದ್ದ ಜೇಬಿಗೆ ಹೋಯಿತು. ಅವಳು ಆ ಕೈಯನ್ನು ನೋಡಿದಳು.

"ಅದು ನಿಂಗೊಬ್ಳಿಗೇ ಕಳಿಸಿದ್ದು ಕಣೇ," ಎಂದಳು.

ಚೀಲ ಹೆಗಲಿಗೇರಿಸಿಕೊಂಡು ಎದ್ದಳು. ನಾನು ತೋಳು ಚಾಚಿದೆ. ಚಿಕ್ಕಮ್ಮ ಗೋಡೆಗೆ ಹಾಕಿದ್ದ ಕಂಬಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿದು ಹೋದಳು.